ತೋಟದಲ್ಲಿ, ಅಡುಗೆಮನೆಯಲ್ಲಿ, ಜೀಪಿನಲ್ಲಿ ಇರುವವರಿಗೆ ಮಾತು ಮುಟ್ಟಿಸುವುದು ಹೇಗೆ? ಕೊಡಗಿನ ಮಾಲೀಕರಿಗೆ, ಮ್ಯಾನೇಜರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಒಂದು ವಿಷಯ ತಿಳಿಸುವುದು ಸುಲಭ. ಮೇಲ್ ಹಾಕಿದರೆ ಆಯ್ತು. ಓದದೇ ಇದ್ದರೆ ಎದ್ದು ಹೋಗಿ ಕೇಳಬಹುದು. ಆದರೆ ನಮ್ಮ ಕೊಡಗಿನಲ್ಲಿ ದುಡಿಯುವವರಲ್ಲಿ ಕುರ್ಚಿ ಮೇಜು ಇರುವವರು ಎಷ್ಟು ಜನ ಹೇಳಿ? ಕಾಫಿ ಕುಯ್ಯುವವರು, ಮೆಣಸಿಗೆ ಏಣಿ ಹತ್ತುವವರು, ಕಣದಲ್ಲಿ ಕಾಫಿ ಹರವುವವರು, ಹೋಂಸ್ಟೇ ಅಡುಗೆಯವರು, ಮಾಂದಲ್‌ಪಟ್ಟಿಗೆ ಜೀಪ್ ಓಡಿಸುವವರು, ರಿಸಾರ್ಟಿನಲ್ಲಿ ರೂಮ್ ಕ್ಲೀನ್ ಮಾಡುವವರು. ಇವರಿಗೆ ಕಂಪನಿ ಮೇಲ್ ಇಲ್ಲ. ಕೆಲವರಿಗೆ ಸ್ವಂತ ಫೋನೂ ಇಲ್ಲ. ಇದ್ದವರಿಗೂ ಕೆಲಸದ ಹೊತ್ತಿನಲ್ಲಿ ಕೈ ಖಾಲಿ ಇರುವುದಿಲ್ಲ, ಕೈ ಖಾಲಿಯಾದರೆ ಸಿಗ್ನಲ್ ಇರುವುದಿಲ್ಲ.

ಇದಕ್ಕೆ ತುಂಬಾ ಜನ ಮೊದಲು ಮಾಡುವ ಕೆಲಸ ಅಂದರೆ ಒಂದು ಆಪ್ ಹುಡುಕುವುದು. ಅದು ಕೊನೆಗೆ ಮಾಡುವ ಕೆಲಸ. ನಿಮ್ಮ ಜನ ದಿನವೂ ಎಲ್ಲಿ ಸೇರುತ್ತಾರೆ, ಯಾರ ಮಾತು ಕೇಳುತ್ತಾರೆ ಅಂತ ಮೊದಲು ನೋಡಿ, ಮಾತನ್ನು ಆ ದಾರಿಯಲ್ಲೇ ಕಳಿಸಿ. ಉತ್ತರ ವಾಪಸ್ ಬರುವ ತನಕ ಅದು ಮುಟ್ಟಿದೆ ಅಂತ ಲೆಕ್ಕ ಹಿಡಿಯಬೇಡಿ. ಇಷ್ಟನ್ನು ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಉದಾಹರಣೆ ಜಾಸ್ತಿ ಕಾಫಿ ತೋಟದ್ದು, ಯಾಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

1. ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಚೆಕ್‌ರೋಲ್‌ನಲ್ಲಿ ಹೆಸರು ಇರುತ್ತದೆ, ಹಾಜರಿ ಇರುತ್ತದೆ. ಅದು ಸಾಲದು. ಒಬ್ಬೊಬ್ಬರ ಹೆಸರಿನ ಮುಂದೆ ಇಷ್ಟು ಬರೆದುಕೊಳ್ಳಿ: ಎಲ್ಲರೂ ಅವರನ್ನು ಕರೆಯುವ ಹೆಸರು, ಮನೆಯಲ್ಲಿ ಆಡುವ ಭಾಷೆ, ಅರ್ಥವಾಗುವ ಇನ್ನೊಂದು ಭಾಷೆ, ಫೋನ್ ಕೀಪ್ಯಾಡಾ ಸ್ಮಾರ್ಟಾ, ಆ ಫೋನ್ ನಿಜವಾಗಿ ಯಾರ ಕೈಯಲ್ಲಿರುತ್ತದೆ, ಲೈನ್ ಮನೆಯಲ್ಲಿ (ತೋಟದಲ್ಲಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ) ಇರುತ್ತಾರಾ ಅಥವಾ ಹೊರಗಿನಿಂದ ಬರುತ್ತಾರಾ, ಅನುಮಾನ ಬಂದರೆ ಯಾರನ್ನು ಕೇಳುತ್ತಾರೆ.

ಕೊನೆಯದನ್ನು ಬಿಡಬೇಡಿ. ಪ್ರತಿ ತೋಟದಲ್ಲೂ ಎಲ್ಲರೂ ಹೋಗಿ ಕೇಳುವ ಒಬ್ಬ ಅಕ್ಕ ಇರುತ್ತಾರೆ. ಅವರು ಮೇಸ್ತ್ರಿ ಆಗಿರಬೇಕು ಅಂತೇನಿಲ್ಲ. ಅವರಿಗೆ ವಿಷಯ ಸರಿಯಾಗಿ ಗೊತ್ತಾದರೆ ಸಂಜೆಯೊಳಗೆ ಇಡೀ ಲೈನಿಗೆ ಗೊತ್ತಾಯಿತು ಅಂತಲೇ.

ಫೋನಿನ ವಿಷಯದಲ್ಲೂ ಸ್ವಲ್ಪ ಹುಷಾರು. ಹೆಂಗಸರು ಕೊಡುವ ನಂಬರ್ ಎಷ್ಟೋ ಸಲ ಗಂಡನದ್ದೋ ಮಗನದ್ದೋ ಆಗಿರುತ್ತದೆ. ಆ ಮಗ ಕುಶಾಲನಗರದಲ್ಲಿ ಗ್ಯಾರೇಜಿನಲ್ಲಿದ್ದರೆ ನಿಮ್ಮ ಮೆಸೇಜ್ ಗ್ಯಾರೇಜಿಗೆ ಹೋಗುತ್ತದೆ, ತೋಟಕ್ಕಲ್ಲ. ಅಸ್ಸಾಂ ಕಡೆಯವರು ಊರಿಗೆ ಹೋಗಿ ಬಂದಾಗ ಸಿಮ್ ಬದಲಾಗಿರುವುದು ಮಾಮೂಲಿ. ಅದಕ್ಕೆ ಈ ಪಟ್ಟಿಯನ್ನು ಸೀಸನ್ ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ ಸರಿ ಮಾಡಬೇಕು.

ಓದಲು ಬರುತ್ತದಾ ಅಂತ ಎಲ್ಲರ ಎದುರು ಕೇಳಬೇಡಿ. ಬರದಿದ್ದರೂ ಬರುತ್ತದೆ ಅಂತಾರೆ, ನಾವಾದರೂ ಅದನ್ನೇ ಅನ್ನುತ್ತಿದ್ದೆವು. "ಮೆಸೇಜ್ ಹಾಕ್ಲಾ, ಫೋನ್ ಮಾಡ್ಲಾ? ಯಾವುದು ಅನುಕೂಲ?" ಅಂತ ಕೇಳಿ. ಬೇಕಾದ ಉತ್ತರ ಸಿಗುತ್ತದೆ, ಯಾರಿಗೂ ಮುಜುಗರ ಇಲ್ಲ.

2. ಯಾವ ಮಾತು ಯಾವ ದಾರಿಗೆ ಅಂತ ನಿರ್ಧಾರ ಮಾಡಿ

ಎಲ್ಲವನ್ನೂ ಒಂದೇ ಗ್ರೂಪಿಗೆ ಸುರಿದರೆ ಯಾವುದನ್ನೂ ಯಾರೂ ನೋಡುವುದಿಲ್ಲ. ಬೆಳಿಗ್ಗೆ ಗುಡ್ ಮಾರ್ನಿಂಗ್ ಚಿತ್ರ, ಮಧ್ಯಾಹ್ನ ಯಾರದೋ ಗೃಹಪ್ರವೇಶ, ಅದರ ನಡುವೆ "ಹೊಳೆ ಪಕ್ಕ ಆನೆ ಇದೆ". ಏನಾಗುತ್ತದೆ ಅಂತ ನಿಮಗೇ ಗೊತ್ತು.

ನಾನು ನಾಲ್ಕು ಥರ ಮಾಡುತ್ತೇನೆ. ಜೀವಕ್ಕೆ ಸಂಬಂಧಪಟ್ಟಿದ್ದು: ಆನೆ, ಕರೆಂಟ್ ತಂತಿ, ಗುಡ್ಡ ಜರಿಯುವುದು, ಔಷಧಿ ಹೊಡೆದಿರುವ ಬ್ಲಾಕ್ (ತೋಟದ ಒಂದು ಭಾಗ). ದುಡ್ಡಿಗೆ ಸಂಬಂಧಪಟ್ಟಿದ್ದು: ಕೂಲಿ, ಕೆಜಿ ರೇಟು, ಅಡ್ವಾನ್ಸ್, ಬೋನಸ್, ಬಟವಾಡೆ ದಿನ. ಇವತ್ತಿನ ಕೆಲಸ. ಮತ್ತೆ ಉಳಿದದ್ದೆಲ್ಲ. ಮೊದಲನೆಯದು ಎರಡು ದಾರಿಯಲ್ಲಿ ಹೋಗಬೇಕು, ಒಂದು ಕೆಟ್ಟರೂ ಇನ್ನೊಂದು ಮುಟ್ಟಬೇಕು. ಎರಡನೆಯದು ಬಾಯಲ್ಲೂ ಹೇಳಬೇಕು, ಬೋರ್ಡಿನಲ್ಲೂ ಬರೆಯಬೇಕು. ಮೂರನೆಯದಕ್ಕೆ ಬೆಳಗಿನ ಮಸ್ಟರ್ (ಕೆಲಸಕ್ಕೆ ಮೊದಲು ಎಲ್ಲರೂ ಸೇರಿ ಹಾಜರಿ ಕೂಗುವುದು) ಸಾಕು. ನಾಲ್ಕನೆಯದು ವಾಟ್ಸಾಪ್‌ಗೆ ಹೋಗಲಿ, ನೋಡಿದವರು ನೋಡಲಿ.

3. ಬೆಳಗಿನ ಮಸ್ಟರ್‌ನ ಐದು ನಿಮಿಷ

ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಎಲ್ಲರೂ ಒಂದೇ ಕಡೆ ನಿಂತಿರುತ್ತಾರೆ, ಕೈಯಲ್ಲಿ ಕೆಲಸ ಇನ್ನೂ ಹಿಡಿದಿಲ್ಲ, ಕಿವಿ ನಿಮ್ಮ ಕಡೆ ಇದೆ. ಆದರೆ ನಮ್ಮಲ್ಲಿ ಎಷ್ಟೋ ತೋಟಗಳಲ್ಲಿ ಮಸ್ಟರ್ ಅಂದರೆ ಹೆಸರು ಕೂಗಿ ಬ್ಲಾಕ್ ಹಂಚುವುದು ಅಷ್ಟೇ. ಅದರ ಮುಂದೆ ಐದು ನಿಮಿಷ ಸೇರಿಸಿ. ಐದಕ್ಕಿಂತ ಜಾಸ್ತಿ ಬೇಡ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ನಿಂತವರಿಗೆ ಭಾಷಣ ಯಾರಿಗೆ ಬೇಕು?

ಹೇಳುವುದು ಹೀಗಿರಲಿ:

"ಇವತ್ತು ಕೆರೆ ಮೇಲಿನ ಬ್ಲಾಕ್. ಅರೇಬಿಕಾ. ಹಣ್ಣಾಗಿದ್ದು ಮಾತ್ರ ಕುಯ್ಯಿರಿ, ಹಸಿರು ಬಿಡಿ. ರಾತ್ರಿ ಆನೆ ಗದ್ದೆಗೆ ಬಂದಿದೆ, ಇನ್ನೂ ಹೋಗಿಲ್ಲ. ಗದ್ದೆ ದಾರಿ ಬೇಡ, ಮೇಲಿನ ರಸ್ತೆಯಲ್ಲೇ ಹೋಗಿ, ಒಬ್ಬೊಬ್ಬರೇ ಹೋಗಬೇಡಿ. ತೂಕ ನಾಲ್ಕು ಗಂಟೆಗೆ, ಗೇಟ್ ಹತ್ತಿರ."

ಎಲ್ಲಿ, ಏನು, ಯಾವುದು ಮಾಡಬಾರದು, ಎಷ್ಟೊತ್ತಿಗೆ. ಇಷ್ಟೇ. ಇದರ ಮೇಲೆ ಇನ್ನೊಂದು ಹೊಸ ವಿಷಯ ಬೇಕಾದರೆ ಸೇರಿಸಿ, ಮೂರು ಸೇರಿಸಬೇಡಿ. ಹೊಸ ಶೌಚಾಲಯ, ಶಾಲೆ ವ್ಯಾನ್ ಟೈಮು, ಆರೋಗ್ಯ ತಪಾಸಣೆ, ಇವನ್ನೆಲ್ಲ ಬೇರೆ ಬೇರೆ ದಿನ ಹೇಳಬಹುದು.

ಆಮೇಲೆ "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಬರುವ ಉತ್ತರ ಯಾವಾಗಲೂ "ಆಯ್ತು". ಯಾರಾದರೂ ಒಬ್ಬರ ಕಡೆ ತಿರುಗಿ, "ಅಕ್ಕ, ಯಾವ ದಾರೀಲಿ ಹೋಗ್ತೀರಾ ಇವತ್ತು?" ಅಂತ ಕೇಳಿ. ಅವರು "ಮೇಲಿನ ರಸ್ತೆ" ಅಂದರೆ ಮಾತು ಮುಟ್ಟಿದೆ. "ದಿನಾ ಹೋಗೋ ದಾರಿ" ಅಂದರೆ ಮುಟ್ಟಿಲ್ಲ, ಇನ್ನೊಮ್ಮೆ ಹೇಳಿ. ದಿನವೂ ಒಬ್ಬರನ್ನೇ ಕೇಳಬೇಡಿ, ಮುಂದೆ ನಿಂತವರನ್ನೂ ಬೇಡ. ಹಿಂದೆ ಏಣಿಗೆ ಒರಗಿಕೊಂಡು ನಿಂತ ಹುಡುಗನನ್ನು ಕೇಳಿ.

ತಡವಾಗಿ ಬರುವವರು ಇದ್ದೇ ಇರುತ್ತಾರೆ. ಅವರಿಗೆ ಹೇಳುವ ಜವಾಬ್ದಾರಿ ಯಾರದ್ದು ಅಂತ ಮೊದಲೇ ನಿರ್ಧಾರವಾಗಿರಲಿ. ಬಸ್ ತಪ್ಪಿಸಿಕೊಂಡು ಎಂಟೂವರೆಗೆ ಬಂದು ನೇರ ಗದ್ದೆ ದಾರಿ ಹಿಡಿಯುವವರಿಗೇ ಆನೆ ಎದುರಾಗುವುದು.

4. ಮೇಸ್ತ್ರಿ ಮತ್ತು ರೈಟ್ರು

ನೀವು ಎಷ್ಟೇ ಗ್ರೂಪ್ ಮಾಡಿ, ಬೋರ್ಡ್ ಹಾಕಿ, ತೋಟದಲ್ಲಿ ಮಾತು ಓಡುವುದು ಮೇಸ್ತ್ರಿ ಮೂಲಕ. ಅದಕ್ಕೆ ಕೆಲಸಗಾರರಿಗೆ ಒಂದು ವಿಷಯ ಹೇಳುವ ಮೊದಲು ಮೇಸ್ತ್ರಿಗೆ ಹೇಳಿ. ಸಾಹುಕಾರ್ರು ನೇರವಾಗಿ ಆಳುಗಳಿಗೆ ಹೇಳಿದ ವಿಷಯ ತನಗೆ ಗೊತ್ತಿಲ್ಲದೆ ಇದ್ದರೆ ಆತನಿಗೆ ಎಲ್ಲರೆದುರು ತಲೆ ತಗ್ಗಿಸಿದ ಹಾಗೆ. ಮುಂದಿನ ಸಲ ನಿಮ್ಮ ಮಾತನ್ನು ಮುಟ್ಟಿಸುವ ಉಮೇದು ಅವನಿಗಿರುವುದಿಲ್ಲ. ಹಿಂದಿನ ಸಂಜೆ ಹತ್ತು ನಿಮಿಷ ಮೇಸ್ತ್ರಿ, ರೈಟ್ರು (ತೋಟದ ಲೆಕ್ಕ ಬರೆಯುವವರು) ಇಬ್ಬರನ್ನೂ ಕೂರಿಸಿಕೊಂಡು ನಾಳೆಯ ಮಾತು ಏನು, ಯಾಕೆ ಅಂತ ಹೇಳಿ. "ಯಾಕೆ" ಗೊತ್ತಿದ್ದರೆ ಕೆಲಸಗಾರರು ಎದುರು ಪ್ರಶ್ನೆ ಕೇಳಿದಾಗ ಮೇಸ್ತ್ರಿ ಉತ್ತರ ಕೊಡುತ್ತಾನೆ. ಗೊತ್ತಿಲ್ಲದಿದ್ದರೆ "ಮೇಲಿನಿಂದ ಆರ್ಡರ್" ಅಂತಾನೆ. ಅಲ್ಲಿಗೆ ಮುಗಿಯಿತು.

ಇನ್ನೊಂದು ಕಡೆಯೂ ಇದೆ. ಎಲ್ಲವೂ ಒಬ್ಬನ ಬಾಯಿಂದಲೇ ಹೋಗಬೇಕು, ಬರಬೇಕು ಅಂತಾದರೆ ಅವನಿಗೆ ಬೇಡವಾದದ್ದು ಅಲ್ಲೇ ನಿಲ್ಲುತ್ತದೆ. ಹೊರರಾಜ್ಯದ ಗ್ಯಾಂಗುಗಳಲ್ಲಿ ಇದು ಜಾಸ್ತಿ. ಕರೆದುಕೊಂಡು ಬಂದವನೇ ಮೇಸ್ತ್ರಿ, ಅವನಿಂದಲೇ ಅಡ್ವಾನ್ಸ್, ಅವನೇ ಭಾಷಾಂತರ ಮಾಡುವವನು. ಕೆಜಿ ರೇಟು ಎರಡು ರೂಪಾಯಿ ಏರಿಸಿದ್ದೇವೆ ಅಂತ ನೀವು ಹೇಳಿದರೆ, ಅದು ಆ ಕಡೆ ಒಂದು ರೂಪಾಯಿ ಆಗಿ ಹೋದರೂ ನಿಮಗೆ ಗೊತ್ತಾಗುವ ದಾರಿ ಇಲ್ಲ. ಅದಕ್ಕೆ ದುಡ್ಡಿನ ವಿಷಯ ಮತ್ತು ಜೀವದ ವಿಷಯ, ಇವೆರಡನ್ನು ಮೇಸ್ತ್ರಿ ಮೂಲಕ ಮಾತ್ರ ಕಳಿಸಬೇಡಿ. ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನೀವೂ ಒಮ್ಮೆ ಹೇಳಿ, ಅಂಕಿಯನ್ನು ಬೋರ್ಡಿನಲ್ಲೂ ಬರೆಯಿರಿ. 5 ಅನ್ನುವುದು ಯಾವ ಭಾಷೆಯವರಿಗೂ ಐದೇ.

5. ಭಾಷೆ

ಕೊಡಗಿನ ಒಂದು ಸಾಧಾರಣ ತೋಟದ ಮಸ್ಟರ್‌ನಲ್ಲಿ ಎಷ್ಟು ಭಾಷೆ ಕೇಳಿಸುತ್ತದೆ ಅಂತ ಎಣಿಸಿ ನೋಡಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯರವರ ಭಾಷೆ, ಜೇನುಕುರುಬರ ಭಾಷೆ, ಮಲಯಾಳ, ತಮಿಳು, ತುಳು. ಸೀಸನ್ನಿಗೆ ಇದರ ಮೇಲೆ ಹಿಂದಿ, ಬಂಗಾಳಿ, ಅಸ್ಸಾಮಿ. ಅಸ್ಸಾಮಿನಿಂದ ಬಂದವರೆಲ್ಲ ಅಸ್ಸಾಮಿಯನ್ನೇ ಆಡುತ್ತಾರೆ ಅಂತಲೂ ಇಲ್ಲ. ಬಂಗಾಳಿ ಆಡುವವರಿದ್ದಾರೆ, ಟೀ ತೋಟದ ಕಡೆಯ ಆದಿವಾಸಿಗಳಾದರೆ ಸಾದ್ರಿ ಆಡುತ್ತಾರೆ. ಹಿಂದಿ ಬರುತ್ತದೆ ಅಂದವರಿಗೂ ಬರುವುದು ಸಂತೆಯಲ್ಲಿ ಸಾಮಾನು ಕೊಳ್ಳುವಷ್ಟು ಇರಬಹುದು. ಕೀಟನಾಶಕದ ಎಚ್ಚರಿಕೆ ಅರ್ಥ ಮಾಡಿಕೊಳ್ಳಲು ಅದು ಸಾಲುವುದಿಲ್ಲ.

ಎಲ್ಲ ಭಾಷೆಯಲ್ಲೂ ಎಲ್ಲವನ್ನೂ ಹೇಳಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಹೀಗೆ ಮಾಡಿ: ಜೀವಕ್ಕೆ ಸಂಬಂಧಪಟ್ಟ ಒಂದು ಹತ್ತು ವಾಕ್ಯ ಆರಿಸಿಕೊಳ್ಳಿ. "ಆನೆ ಇದೆ, ಆ ಕಡೆ ಹೋಗಬೇಡಿ." "ತಂತಿ ಬಿದ್ದಿದೆ, ಮುಟ್ಟಬೇಡಿ." "ಈ ಬ್ಲಾಕಿಗೆ ಔಷಧಿ ಹೊಡೆದಿದೆ, ಒಳಗೆ ಹೋಗಬೇಡಿ." "ಎಲ್ಲರೂ ಕೆಲಸ ಬಿಟ್ಟು ಗೇಟಿಗೆ ಬನ್ನಿ." ಈ ಹತ್ತನ್ನೂ ನಿಮ್ಮ ತೋಟದಲ್ಲಿರುವ ಪ್ರತಿ ಭಾಷೆಯವರ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೇಕಾದಾಗ ಕಳಿಸಲು ಅರ್ಧ ನಿಮಿಷ ಸಾಕು. ಗೂಗಲ್‌ನಲ್ಲಿ ಭಾಷಾಂತರ ಮಾಡಿ ಕಳಿಸುವುದಾದರೆ ಮೊದಲು ಆ ಭಾಷೆಯವರು ಒಬ್ಬರಿಗೆ ಓದಿಸಿ.

ಮತ್ತೊಂದು ಸಣ್ಣ ವಿಷಯ. ಬ್ಲಾಕ್‌ಗಳಿಗೆ ಆಫೀಸಿನಲ್ಲಿ ಒಂದು ಹೆಸರು, ಕೆಲಸಗಾರರ ಬಾಯಲ್ಲಿ ಇನ್ನೊಂದು ಹೆಸರು ಇರುತ್ತದೆ. ನೀವು "ಬ್ಲಾಕ್ ನಂಬರ್ 7" ಅಂತೀರಿ, ಅವರು "ಹಲಸಿನ ಮರದ ಪಟ್ಟಿ" ಅಂತಾರೆ. ಅವರ ಹೆಸರನ್ನೇ ನೀವೂ ಹೇಳಿ. ಮ್ಯಾಪಿನಲ್ಲಿ ಬೇಕಾದರೆ ಎರಡೂ ಇರಲಿ.

6. ಫೋನನ್ನು ಸರಿಯಾಗಿ ಬಳಸಿ

ವಾಟ್ಸಾಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಬಳಸಿ ಅಂತಷ್ಟೇ.

ಸೂಚನೆಗೆ ಒಂದು ಗ್ರೂಪ್, ಹರಟೆಗೆ ಇನ್ನೊಂದು. ಸೂಚನೆಯ ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಮಾಡಿ. ಅಡ್ಮಿನ್ ಇಬ್ಬರಿರಲಿ, ಒಬ್ಬರ ಫೋನ್ ಕೆಟ್ಟರೆ ಗ್ರೂಪ್ ಮೂಕವಾಗಬಾರದು. ಹರಟೆಯ ಗ್ರೂಪಿನಲ್ಲಿ ನೀವು ಇರದಿದ್ದರೇ ಒಳ್ಳೆಯದು. ಅಲ್ಲಿ ಅವರು ನಿಮ್ಮನ್ನು ಬೈದುಕೊಳ್ಳಲಿ ಬಿಡಿ.

ಗ್ರೂಪಿಗೆ ಸೇರಿಸುವ ಮೊದಲು ಕೇಳಿ, ಮುಖ್ಯವಾಗಿ ಹೆಂಗಸರನ್ನು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ರಾತ್ರಿ ಹತ್ತಕ್ಕೆ ಯಾರೋ ಫೋನ್ ಮಾಡುವುದು ಅಲ್ಲಿಂದಲೇ ಶುರು. ಬೇಡ ಅಂದವರಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಲಿಸ್ಟಿಗೆ 256 ಜನರ ತನಕ ಹಾಕಬಹುದು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಇದು ಗೊತ್ತಿಲ್ಲದೆ "ಕಳಿಸಿದ್ದೆನಲ್ಲ" ಅಂತ ಜಗಳ ಮಾಡುವ ಮ್ಯಾನೇಜರ್‌ಗಳು ತುಂಬಾ ಇದ್ದಾರೆ. ಸೇರುವ ದಿನವೇ ನೀವೇ ಅವರ ಫೋನಿನಲ್ಲಿ ನಂಬರ್ ಸೇವ್ ಮಾಡಿಕೊಡಿ.

ಬರೆದು ಕಳಿಸುವುದಕ್ಕಿಂತ ವಾಯ್ಸ್ ಮೆಸೇಜ್ ಒಳ್ಳೆಯದು. ಮೂವತ್ತು ಸೆಕೆಂಡಿಗಿಂತ ಉದ್ದ ಬೇಡ. ಮುಖ್ಯ ವಿಷಯ ಮೊದಲು. "ಎಲ್ಲರಿಗೂ ನಮಸ್ಕಾರ, ಈ ಮೂಲಕ ತಿಳಿಸುವುದೇನೆಂದರೆ" ಅಂತ ಶುರು ಮಾಡಿದರೆ ಅರ್ಧ ಜನ ಅಲ್ಲೇ ಬಿಡುತ್ತಾರೆ. "ನಾಳೆ ಕೆಲಸ ಇಲ್ಲ. ರಜೆ ಸಂಬಳ ಇದೆ. ನಾಡಿದ್ದು ಮಾಮೂಲಿ ಟೈಮಿಗೆ ಬನ್ನಿ." ಮುಗೀತು.

ಕಳಿಸುವ ಹೊತ್ತು ನೋಡಿ. ತೋಟದಲ್ಲಿ ಹಗಲು ಹೊತ್ತು ಫೋನ್ ಚೀಲದಲ್ಲೋ ಲೈನ್ ಮನೆಯ ಚಾರ್ಜರ್‌ನಲ್ಲೋ ಇರುತ್ತದೆ. ಸಂಜೆ ಆರರಿಂದ ಎಂಟರ ನಡುವೆ ಕಳಿಸಿದರೆ ನೋಡುತ್ತಾರೆ. ರಾತ್ರಿ ಹತ್ತರ ಮೇಲೆ ಆನೆ, ಗುಡ್ಡ ಬಿಟ್ಟು ಬೇರೆ ಯಾವುದಕ್ಕೂ ಫೋನ್ ಸದ್ದು ಮಾಡಬಾರದು.

ಕೀಪ್ಯಾಡ್ ಫೋನಿನವರಿಗೆ ಕರೆ ಮಾಡುವುದೇ ಸರಿ. ನೀವೊಬ್ಬರೇ ಎಲ್ಲರಿಗೂ ಮಾಡಲು ಆಗುವುದಿಲ್ಲ, ಅದಕ್ಕೆ ಕೊಂಡಿ ಮಾಡಿಕೊಳ್ಳಿ: ರೈಟ್ರು ನಾಲ್ಕು ಜನರಿಗೆ, ಆ ನಾಲ್ವರು ತಲಾ ಐದು ಮನೆಗೆ. ಮಾತು ಮುಟ್ಟಿದ ಪ್ರತಿ ಮನೆಯವರೂ ರೈಟ್ರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಮಿಸ್ಡ್ ಕಾಲ್ ಬರದ ಮನೆಗೆ ರೈಟ್ರೇ ಮತ್ತೆ ಫೋನ್ ಮಾಡುವುದು. ಬಲ್ಕ್ ಎಸ್ಸೆಮ್ಮೆಸ್ ಕಳಿಸುವ ಆಸೆ ದೊಡ್ಡ ರಿಸಾರ್ಟಿನವರಿಗೆ ಇದ್ದರೆ, ಅದಕ್ಕೆ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಮತ್ತು ಮೆಸೇಜಿನ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಇವತ್ತು ಬೇಕು ಅಂದರೆ ಇವತ್ತೇ ಆಗುವ ಕೆಲಸ ಅಲ್ಲ. ಸಣ್ಣ ತೋಟಕ್ಕೆ ಅದರ ಗೋಜೇ ಬೇಡ.

7. ಸಿಗ್ನಲ್ ಇಲ್ಲದ ಕಡೆ

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಭಾಗಮಂಡಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಫೋನೇ ಇಲ್ಲದೆ ನಡೆಯುವ ವ್ಯವಸ್ಥೆ ಒಂದು ಇರಲೇಬೇಕು.

ಹಳೆಯ ತೋಟಗಳಲ್ಲಿ ಮಸ್ಟರ್ ಗಂಟೆ ಇನ್ನೂ ಇದೆ. ಅದನ್ನು ತೆಗೆಯಬೇಡಿ. ಮಾಮೂಲಿ ಮಸ್ಟರ್‌ಗೆ ಒಂದು ಥರ ಹೊಡೆಯಿರಿ, ಅಪಾಯಕ್ಕೆ ಬಿಡದೆ ಹೊಡೆಯಿರಿ. ಎರಡಕ್ಕೂ ವ್ಯತ್ಯಾಸ ಮಕ್ಕಳಿಗೂ ಗೊತ್ತಿರಬೇಕು. ಪ್ರತಿ ಗುಂಪಿನಲ್ಲಿ ಒಬ್ಬರ ಕೊರಳಲ್ಲಿ ವಿಸಿಲ್ ಇರಲಿ, ಖರ್ಚು ಏನೂ ಇಲ್ಲ. ಆದರೆ ಆನೆ ಹತ್ತಿರವೇ ಇದ್ದಾಗ ವಿಸಿಲ್ ಊದಿ ಗದ್ದಲ ಮಾಡಬಾರದು, ಸದ್ದಿಲ್ಲದೆ ಹಿಂದೆ ಸರಿಯಬೇಕು. ಇದನ್ನೂ ಹೇಳಿಕೊಡಿ.

ವಾಕಿಟಾಕಿ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. 446 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಉಳಿದವಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಕಾನೂನಿನ ಪ್ರಕಾರ ಇರುತ್ತದೆ ಅಂತ ನಂಬಬೇಡಿ. ಡಬ್ಬದ ಮೇಲೆ ಬರೆದ ಕಿಲೋಮೀಟರ್ ಲೆಕ್ಕವನ್ನೂ ನಂಬಬೇಡಿ, ನಮ್ಮ ಗುಡ್ಡ ಮತ್ತು ಮರಗಳ ನಡುವೆ ಅದು ತುಂಬಾ ಕಮ್ಮಿ. ಕೊಳ್ಳುವ ಮೊದಲು ನಿಮ್ಮ ತೋಟದಲ್ಲೇ ಮಾತಾಡಿ ನೋಡಿ.

ಬೋರ್ಡಿನ ವಿಷಯ ಚಿಕ್ಕದು. ಅದು ಆಫೀಸಿನ ಗೋಡೆಯ ಮೇಲೆ ಬೇಡ. ತೂಕ ಹಾಕುವ ಜಾಗದಲ್ಲಿ ಇರಲಿ, ಅಲ್ಲಿ ಎಲ್ಲರೂ ಸರದಿಗೆ ಕಾಯುತ್ತಾ ನಿಂತಿರುತ್ತಾರೆ. ದೊಡ್ಡ ಅಕ್ಷರ, ಜಾಸ್ತಿ ಅಂಕಿ, ಕಮ್ಮಿ ಮಾತು. ಆನೆಗೆ ಆನೆಯ ಚಿತ್ರ. ಹಳೆಯದನ್ನು ಅಂದೇ ಒರೆಸಿ, ಕಳೆದ ತಿಂಗಳ ನೋಟಿಸ್ ಇರುವ ಬೋರ್ಡನ್ನು ಯಾರೂ ಓದುವುದಿಲ್ಲ. ತುರ್ತಿಗೆ ಫೋನ್ ಮಾಡಬೇಕಾದ ನಂಬರ್‌ಗಳು ಮಾತ್ರ ಕಾಯಂ ಇರಲಿ: ಯಾವುದೇ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಗೆ 1926, ಕರೆಂಟಿಗೆ 1912.

8. ಆನೆ ಮತ್ತು ಏಣಿ

ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆ ತೋಟದಲ್ಲೇ ಆನೆ ಬಿಡಾರ ಹೂಡುವುದು ಹೊಸ ವಿಷಯ ಅಲ್ಲ. ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಬಗ್ಗೆ ವಾಟ್ಸಾಪ್‌ನಲ್ಲಿ ಮಾಹಿತಿ ಹಾಕುತ್ತಾರೆ. ಆ ಮಾಹಿತಿ ಮಾಲೀಕರ ಫೋನಿಗೆ ಬರುತ್ತದೆ. ಅಲ್ಲಿಂದ ತೋಟದೊಳಗೆ ನಡೆಯುವವರಿಗೆ ಹೋಗುತ್ತದಾ? ಮಾಲೀಕರು ಬೆಂಗಳೂರಿನಲ್ಲಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಅದಕ್ಕೆ ಆ ಗ್ರೂಪಿನಲ್ಲಿ ರೈಟ್ರು ಅಥವಾ ಮೇಸ್ತ್ರಿ ನಂಬರ್ ಇರಬೇಕು. ಬೆಳಿಗ್ಗೆ ಮಸ್ಟರ್‌ಗೆ ಮುಂಚೆ ಅದನ್ನು ನೋಡುವುದು ಒಬ್ಬರ ಕೆಲಸ ಅಂತ ಹೆಸರು ಹಿಡಿದು ಹೇಳಬೇಕು. "ಯಾರಾದರೂ ನೋಡಿ" ಅಂದರೆ ಯಾರೂ ನೋಡುವುದಿಲ್ಲ.

ಹೊರಗಿನಿಂದ ನಡೆದು ಬರುವವರಿಗೆ ಮಸ್ಟರ್‌ನಲ್ಲಿ ಹೇಳಿ ಪ್ರಯೋಜನ ಇಲ್ಲ. ಅವರು ಆಗಲೇ ದಾರಿ ದಾಟಿ ಬಂದಿರುತ್ತಾರೆ. ಅವರು ಮನೆ ಬಿಡುವ ಮೊದಲೇ ಫೋನ್ ಹೋಗಬೇಕು, ಇಲ್ಲದಿದ್ದರೆ ಆ ದಿನ ಜೀಪ್ ಕಳಿಸಬೇಕು.

ಏಣಿ ವಿಷಯ ಬೇರೆಯಾಗಿ ಹೇಳಲೇಬೇಕು. ಮೆಣಸು ಕುಯ್ಯುವಾಗ, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜಿಲ್ಲೆಯಲ್ಲಿ ಸಾವುಗಳಾಗಿವೆ. "ಹುಷಾರು, ತಂತಿ ನೋಡ್ಕೊಳ್ಳಿ" ಅಂದರೆ ಅದು ಎಚ್ಚರಿಕೆ ಆಗುವುದಿಲ್ಲ. ತಂತಿ ಹೋಗಿರುವ ಸಾಲನ್ನು ಹಿಂದಿನ ದಿನವೇ ಮೇಸ್ತ್ರಿ ಜೊತೆ ನಡೆದು ನೋಡಿ, ಆಚೆ ಈಚೆಯ ಮರಗಳಿಗೆ ಕೆಂಪು ಬಟ್ಟೆ ಕಟ್ಟಿ. ಬಟ್ಟೆ ಕಟ್ಟಿದ ಮರದ ಹತ್ತಿರ ಅಲ್ಯೂಮಿನಿಯಂ ಏಣಿ ಹೋಗಕೂಡದು, ಅಷ್ಟೇ. ಇದಕ್ಕೆ ಯಾವ ಭಾಷೆಯೂ ಬೇಡ. ಏಣಿಯನ್ನು ನಿಲ್ಲಿಸಿಕೊಂಡೇ ಹೊತ್ತು ನಡೆಯುವುದನ್ನು ಕಂಡರೆ ಅಲ್ಲೇ ತಡೆಯಿರಿ.

9. ದುಡ್ಡಿನ ಮಾತು

ತೋಟದಲ್ಲಿ ಆಗುವ ಜಗಳಗಳಲ್ಲಿ ಮುಕ್ಕಾಲು ಪಾಲು ದುಡ್ಡು ಕಮ್ಮಿ ಅಂತ ಅಲ್ಲ, ಮೊದಲೇ ಹೇಳಲಿಲ್ಲ ಅಂತ. ಚೀಲದ ತೂಕ ಎಷ್ಟು ಕಳೆಯುತ್ತೀರಿ, ಎಲೆ ಕಡ್ಡಿ ಜಾಸ್ತಿ ಇದ್ದರೆ ಏನು ಮಾಡುತ್ತೀರಿ, ಮಳೆ ಬಂದು ಅರ್ಧ ದಿನಕ್ಕೆ ಕೆಲಸ ನಿಂತರೆ ಕೂಲಿ ಎಷ್ಟು, ಅಡ್ವಾನ್ಸ್ ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತೀರಿ. ಈ ನಾಲ್ಕನ್ನು ಕುಯ್ಲು ಶುರುವಾಗುವ ಮೊದಲೇ ಹೇಳಿ, ಬರೆದು ಹಾಕಿ. ನಡುವೆ ಬದಲಾಯಿಸಬೇಡಿ.

ತೂಕ ಹಾಕುವಾಗ ಮುಳ್ಳು ಅಥವಾ ಅಂಕಿ ಅವರ ಕಡೆಗೆ ಕಾಣಬೇಕು. ಜೋರಾಗಿ ಹೇಳಿ ಬರೆಯಿರಿ, ಒಂದು ಚೀಟಿ ಅವರ ಕೈಗೆ ಕೊಡಿ. ಓದಲು ಬರದವರೂ ಚೀಟಿ ಇಟ್ಟುಕೊಳ್ಳುತ್ತಾರೆ, ಸಂಜೆ ಮಕ್ಕಳ ಹತ್ತಿರ ಓದಿಸುತ್ತಾರೆ. ಬಟವಾಡೆ ಸಂತೆಯ ಹಿಂದಿನ ದಿನ ಆದರೆ ಒಳ್ಳೆಯದು. ತಡವಾಗುತ್ತದೆ ಅಂತ ಗೊತ್ತಾದರೆ ಅದನ್ನು ಗೊತ್ತಾದ ದಿನವೇ ಹೇಳಿ, ಬಟವಾಡೆ ದಿನ ಸಂಜೆ ಎಲ್ಲರೂ ಬಂದು ಕಾದು ನಿಂತ ಮೇಲೆ ಅಲ್ಲ.

10. ಅವರ ಮಾತು ನಿಮಗೆ ಬರುವ ದಾರಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸುಮ್ನೆ ಯೋಚಿಸಿ, ಬಿಳಿ ಕಾಂಡಕೊರಕ ಹುಳು ಹೊಡೆದ ಗಿಡ, ತಂತಿಗೆ ವಾಲಿದ ಮರ, ಹಸಿ ಆನೆ ಲದ್ದಿ, ಹೆಜ್ಜೇನು ಗೂಡು, ಇವನ್ನೆಲ್ಲ ಮೊದಲು ನೋಡುವವರು ಯಾರು? ನೀವಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜರಿದ ಮೇಲೆ ನೆಲದಲ್ಲಿ ಬಿರುಕು, ತಿಳಿಯಾಗಿದ್ದ ತೋಡು (ಸಣ್ಣ ಹೊಳೆ) ಇದ್ದಕ್ಕಿದ್ದಂತೆ ಕೆಸರಾಗುವುದು, ಮರ ಓರೆಯಾಗುವುದು ಅಂದರೆ ಏನು ಅಂತ ಜಿಲ್ಲೆಗೆಲ್ಲ ಗೊತ್ತು. ಅದನ್ನು ಕಂಡವರು ಹೇಳುವ ಹಾಗಿರಬೇಕು, ಹೇಳಿದ್ದಕ್ಕೆ "ನಿನ್ನ ಕೆಲಸ ನೀನು ನೋಡ್ಕೋ" ಅಂತ ಕೇಳಿಸಿಕೊಳ್ಳುವ ಹಾಗಿರಬಾರದು.

ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬ ಗೊತ್ತಲ್ವಾ? ಆ ದಿನ ಹಾಡಿಯವರು (ಆದಿವಾಸಿ ಕೇರಿಯವರು) ವೇಷ ಹಾಕಿಕೊಂಡು ದೇವರನ್ನೂ ಬಿಡದೆ ಎಲ್ಲರನ್ನೂ ಬೈಯುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ವರ್ಷಕ್ಕೆ ಒಂದು ದಿನ ಅಷ್ಟು ಬಿಚ್ಚಿ ಮಾತಾಡುವವರು ಉಳಿದ ದಿನ ನಿಮ್ಮ ಎದುರು ಬಾಯಿ ಬಿಡುವುದಿಲ್ಲ ಅಂದರೆ, ಅವರಿಗೆ ಹೇಳಲು ಏನೂ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ.

ಸಲಹೆ ಪೆಟ್ಟಿಗೆ ಇಡಬೇಡಿ, ಅದರಲ್ಲಿ ಜೇಡ ಬಲೆ ಕಟ್ಟುತ್ತದೆ ಅಷ್ಟೇ. ವಾರಕ್ಕೊಮ್ಮೆ ಹತ್ತು ಗಂಟೆ ಚಹಾ ಹೊತ್ತಿಗೆ ಅವರು ಕೂತಲ್ಲಿಗೆ ನೀವೇ ಹೋಗಿ. ಮೇಸ್ತ್ರಿ ಇರುವ ದಿನ ಒಮ್ಮೆ, ಇಲ್ಲದ ದಿನ ಒಮ್ಮೆ. "ಏನಾದರೂ ಸಮಸ್ಯೆ ಇದೆಯಾ?" ಅಂದರೆ "ಇಲ್ಲ" ಅಂತಾರೆ. "ಲೈನಲ್ಲಿ ಯಾವ ನಲ್ಲಿ ಸೋರ್ತಿದೆ?" ಅಂತ ಕೇಳಿ, ಮಾತು ತಾನಾಗಿ ಬರುತ್ತದೆ. ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಸರಿ ಮಾಡಿಸಿ. ಆಗದೇ ಇರುವುದನ್ನು ಆಗುವುದಿಲ್ಲ, ಯಾಕೆ ಅಂತ ಹೇಳಿ. "ನೋಡೋಣ" ಅನ್ನುವ ಉತ್ತರಕ್ಕೆ ನಮ್ಮಲ್ಲಿ ಎಲ್ಲರಿಗೂ ಅರ್ಥ ಗೊತ್ತು.

ಹೆಂಗಸರ ಕೆಲವು ವಿಷಯಗಳು ಗಂಡಸು ಮ್ಯಾನೇಜರ್ ಹತ್ತಿರ ಬರುವುದೇ ಇಲ್ಲ. ಮನೆಯ ಯಜಮಾನಿಯೋ, ಅಂಗನವಾಡಿ ಟೀಚರೋ, ಅವರಿಗೆ ನಂಬಿಕೆ ಇರುವ ಒಬ್ಬರ ಮೂಲಕ ಬರಲಿ.

11. ಹೋಂಸ್ಟೇ, ರಿಸಾರ್ಟ್, ಜೀಪಿನವರು

ಇಲ್ಲಿ ಮಸ್ಟರ್ ಇಲ್ಲ, ಶಿಫ್ಟ್ ಇದೆ. ಮಾತು ಬಿದ್ದುಹೋಗುವುದು ಶಿಫ್ಟ್ ಬದಲಾಗುವಾಗ. ಅಡುಗೆಮನೆ ಬಾಗಿಲ ಹತ್ತಿರ ಒಂದು ಪುಸ್ತಕ ಇಡಿ, ಹೋಗುವವರು ಮೂರು ಸಾಲು ಬರೆಯಲಿ, ಬರುವವರು ಓದಿ ಸಹಿ ಹಾಕಲಿ. "ಎರಡನೇ ರೂಮಿನವರು ಪೋರ್ಕ್ ತಿನ್ನೋದಿಲ್ಲ. ಗೀಸರ್ ಕೆಟ್ಟಿದೆ. ಬೆಳಿಗ್ಗೆ ಐದಕ್ಕೆ ಹೊರಡ್ತಾರೆ." ಬುಕಿಂಗ್ ತೆಗೆದುಕೊಳ್ಳುವವರು ಗೆಸ್ಟಿಗೆ ಏನು ಮಾತು ಕೊಟ್ಟಿದ್ದಾರೆ ಅಂತ ಅಡುಗೆಯವರಿಗೆ ಗೊತ್ತಿರುವುದಿಲ್ಲ, ಬೈಸಿಕೊಳ್ಳುವವರು ಮಾತ್ರ ಅವರೇ. ಅದಕ್ಕೇ ಈ ಪುಸ್ತಕ.

ಡ್ರೈವರ್‌ಗಳಿಗೆ ಗಾಡಿ ಓಡಿಸುವಾಗ ಫೋನ್ ಮಾಡಬೇಡಿ. ಮಡಿಕೇರಿ ಘಾಟಿಯಲ್ಲಿ ಮಂಜು ಕವಿದಾಗ "ಎಲ್ಲಿದ್ದೀಯಾ?" ಅಂತ ಮೂರು ಸಲ ಫೋನ್ ಮಾಡುವ ಮಾಲೀಕರು ಸುರಕ್ಷತೆ ಬಗ್ಗೆ ಮಾತಾಡುವ ಹಾಗಿಲ್ಲ. ಗಾಡಿ ನಿಂತಾಗ ಅವನೇ ಫೋನ್ ಮಾಡಲಿ, ಎಲ್ಲೆಲ್ಲಿ ನಿಲ್ಲಿಸಿ ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

12. ಮುಟ್ಟಿತಾ ಅಂತ ನೋಡುವುದು

ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಂದರೆ ಮೆಸೇಜ್ ತೆರೆದಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ತೋಟದ ತುದಿಯಲ್ಲಿ ಕೆಲಸ ಮಾಡುವ ಇಬ್ಬರನ್ನು ಕೇಳಿ, ಹೊಸಬರೊಬ್ಬರು, ಬೇರೆ ಭಾಷೆಯವರೊಬ್ಬರು. ಇಬ್ಬರಿಗೂ ಗೊತ್ತಿದ್ದರೆ ಎಲ್ಲರಿಗೂ ಗೊತ್ತಿದೆ. ಒಬ್ಬರಿಗೆ ಗೊತ್ತಿಲ್ಲದಿದ್ದರೆ ಅವರನ್ನು ಬೈಯಬೇಡಿ, ಮಾತು ಎಲ್ಲಿ ತುಂಡಾಯಿತು ಅಂತ ಹಿಂದಕ್ಕೆ ಹುಡುಕಿ: ಮೇಸ್ತ್ರಿ ಹೇಳಲಿಲ್ಲವಾ, ಇವರು ತಡವಾಗಿ ಬಂದರಾ, ಕನ್ನಡದಲ್ಲಿ ಮಾತ್ರ ಹೇಳಿದಿರಾ. ತುಂಡಾಗುವ ಜಾಗ ಸಾಮಾನ್ಯವಾಗಿ ಒಂದೇ ಇರುತ್ತದೆ, ಪ್ರತಿ ಸಲ ಅಲ್ಲೇ.

ಅಪಾಯದ ಗಂಟೆಯನ್ನು ಜೂನ್ ಮಳೆ ಹಿಡಿಯುವ ಮೊದಲು ಒಮ್ಮೆ, ಕುಯ್ಲಿಗೆ ಹೊಸ ಜನ ಬಂದ ವಾರ ಇನ್ನೊಮ್ಮೆ ಹೊಡೆದು ನೋಡಿ. ಎಲ್ಲರೂ ಗೇಟಿಗೆ ಬರಲು ಎಷ್ಟು ಹೊತ್ತಾಯಿತು, ಯಾವ ಬ್ಲಾಕಿನವರಿಗೆ ಕೇಳಿಸಲೇ ಇಲ್ಲ ಅಂತ ಬರೆದುಕೊಳ್ಳಿ. ಕೇಳಿಸದ ಬ್ಲಾಕಿಗೆ ಇನ್ನೊಂದು ಗಂಟೆ ಕಟ್ಟಿ.